ಏಳಲಿಲ್ಲ ಎಂದು ನಾನು ಹೇಳಿದ ಕೋಶಗಳು

ಗಿರಿಜಮ್ಮ, ಆ ಕೋಶಗಳು ಎದ್ದಿದ್ದವು. ಏಳಲಿಲ್ಲ ಎಂದು ನಾನು ಸುಳ್ಳು ಹೇಳಿದೆ. ಎದ್ದವನ್ನು ನನ್ನ ಕೈಯಾರೆ ಬ್ಲೀಚ್ ಸುರಿದು ಕೊಂದೆ. ನಿಮ್ಮ ಮೇಲೆ ಬಂದ ಅಪವಾದವನ್ನು ತೊಡೆಯಬಲ್ಲ ಸಾಕ್ಷಿ ಅದೊಂದೇ ಎಂದು ತಿಳಿದೇ ಕೊಂದೆ.

ಇದನ್ನು ನಿಮಗೆ ಮುಖ ನೋಡಿ ಹೇಳಬೇಕಿತ್ತು. ಹೇಳುವ ಅವಕಾಶ ಒಮ್ಮೆ ಎದುರಿಗೇ ಬಂದು ನಿಂತಿತ್ತು, ಅದನ್ನೂ ನಾನು — ಆ ಮಾತು ಆಮೇಲೆ. ಈಗ ನೀವು ಎಲ್ಲಿದ್ದೀರೋ ಗೊತ್ತಿಲ್ಲ. ಅದಕ್ಕೇ ಅಚ್ಚಿಗೆ ಕೊಡುತ್ತಿದ್ದೇನೆ. ನಿಮ್ಮನ್ನು ಅರಿಯದವರೂ ಇದನ್ನು ಓದುತ್ತಾರೆ. ಅವರಿಗೂ ತಿಳಿಯಲೆಂದು, ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ.

ಮಲ್ಲತ್ತಹಳ್ಳಿಯ ಕೆರೆ ಕಾಣುವ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮ ಪ್ರಯೋಗಾಲಯವಿತ್ತು. ನಾನು ಅಲ್ಲಿ ತಂತ್ರಜ್ಞ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಕಾಮಾಕ್ಷಿಪಾಳ್ಯದಿಂದ ದಿನಾ ಟಿವಿಎಸ್‌ನಲ್ಲಿ ಬರುತ್ತಿದ್ದೆ. ನಮ್ಮ ಅಪ್ಪ ಅಲ್ಲಿಯೇ ಒಂದು ಲೇತ್ ಶೆಡ್ಡಿನಲ್ಲಿ ಜೀವಮಾನ ಕಳೆದವರು. ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಕಬ್ಬಿಣ ತಿರುವುತ್ತಿದ್ದರಂತೆ. ಆ ಕೈ ನನಗೆ ಬಂದಿದೆ ಎಂದು ನಾನು ನಂಬಿದ್ದೆ. ಪ್ರಯೋಗಾಲಯದವರೂ ನಂಬಿದ್ದರು. ಆ ನಂಬಿಕೆಯಿಂದಲೇ ಇಷ್ಟೆಲ್ಲ ಆಯಿತು ಎನ್ನಲಾರೆ. ಅದು ನೆಪವಾಗುತ್ತದೆ.

ನೀವು ರಾಣೆಬೆನ್ನೂರಿನ ಕಡೆಯಿಂದ ಪಿಎಚ್.ಡಿ. ಮಾಡಲು ಬಂದವರು. ವಿಜಯನಗರದ ಒಂದು ಪಿಜಿಯಲ್ಲಿದ್ದಿರಿ. ಮೊದಲ ದಿನ ನಾನು 'ಮೇಡಂ' ಎಂದಾಗ, "ಮೇಡಂ ಅನ್ಬ್ಯಾಡ್ರಿ ಅಣ್ಣಾರ, ನನಗ ಹಿಂದ ಯಾರರ ನಿಂತಾರೇನೋ ಅನಸ್ತೈತಿ" ಎಂದು ನಕ್ಕಿರಿ. ಅಂದಿನಿಂದ ನೀವು ನನಗೆ ಗಿರಿಜಮ್ಮ.

ನಿಮ್ಮ ಕೆಲಸ ಮೂಳೆ ಕಟ್ಟುವ ಕೋಶಗಳ ಮೇಲೆ. ದೇಹದಲ್ಲಿ ಒಂದು ಹಾರ್ಮೋನ್ ಬಂದು ಆ ಕೋಶಗಳ ಮೈ ತಟ್ಟುತ್ತದೆ. ತಟ್ಟಿದ ಕೆಲವೇ ನಿಮಿಷಗಳಲ್ಲಿ ಕೋಶದೊಳಗೆ ಒಂದು ಪುಟ್ಟ ರಾಸಾಯನಿಕ ಏರುತ್ತದೆ. ಅದು ಕೋಶ ಕೊಡುವ ಉತ್ತರ. ಹಾರ್ಮೋನನ್ನು ಒಂದೇ ಸಮನೆ ಕೊಟ್ಟರೆ ಉತ್ತರ ಮಂಕಾಗುತ್ತದೆ, ನಡುವೆ ಬಿಡುವು ಕೊಟ್ಟರೆ ಮರಳಿ ಏರುತ್ತದೆ. ಆ ಬಿಡುವಿನಲ್ಲಿ ಕೋಶದೊಳಗೆ ಏನು ನಡೆಯುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾಗಿತ್ತು. ಆರೋಗ್ಯವಂತ ಮೂಳೆಯಿಂದ ತೆಗೆದ ಕೋಶಗಳು ಗಾಜಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಕೆಲವು ಬಾರಿ ಒಂದು ಎರಡಾಗಿ ಒಡೆದು ನಿಂತುಬಿಡುತ್ತವೆ. ಆದ್ದರಿಂದ ಮೂಳೆಯ ಕ್ಯಾನ್ಸರಿನ ಕೋಶಗಳನ್ನು ಬಳಸುತ್ತಾರೆ. ಅವು ನಿಲ್ಲುವುದಿಲ್ಲ. ಕ್ಯಾನ್ಸರಾದರೂ ಮೂಳೆಯ ಬುದ್ಧಿ ಪೂರ್ತಿ ಬಿಟ್ಟಿರುವುದಿಲ್ಲ, ಹಾರ್ಮೋನ್ ತಟ್ಟಿದರೆ ಉತ್ತರ ಕೊಡುತ್ತವೆ. ನಮ್ಮಲ್ಲಿದ್ದವು ಎಲ್ಲೋ ದೂರದ ದೇಶದಲ್ಲಿ, ಎಂದೋ, ಯಾರದೋ ಮೂಳೆಯ ಗಡ್ಡೆಯಿಂದ ತೆಗೆದವುಗಳ ಸಂತತಿ.

ನಮ್ಮಲ್ಲಿ ಇನ್ನೊಂದು ಬಗೆಯವೂ ಇದ್ದವು. ಪ್ರವೀಣ ಎಂಬ ಇನ್ನೊಬ್ಬ ವಿದ್ಯಾರ್ಥಿಯ ಗರ್ಭಕೊರಳಿನ ಕ್ಯಾನ್ಸರ್ ಕೋಶಗಳು. ಅವು ಬೆಳೆಯುವ ವೇಗವೇ ವೇಗ.

"ನಮ್ಮವು ಮಾತು ಕೇಳ್ತಾವ್ರಿ" ಎಂದು ನೀವು ಅವನನ್ನು ಚುಡಾಯಿಸಿದ್ದು ನೆನಪಿದೆ. "ನಿಮ್ಮವು ಬರೇ ತಿಂತಾವ, ಬೆಳೀತಾವ."

"ನಮ್ಮವು ಬೆಂಗಳೂರಿನವು ಕಣಮ್ಮಾ" ಎಂದ ಅವನು. "ಒಂಚೂರು ಜಾಗ ಸಿಕ್ಕರೆ ಸಾಕು, ಸೈಟ್ ಮಾಡ್ಕೊಂಡ್ಬಿಡ್ತವೆ."

ಮೂವರೂ ನಕ್ಕೆವು.

ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿತ್ತು. ಕೋಶಗಳಿಗೆ ಕೊಡುವ ಗುಲಾಬಿ ಬಣ್ಣದ ಆಹಾರದ್ರವ — ನಾವು ಮೀಡಿಯಂ ಎನ್ನುತ್ತಿದ್ದೆವು — ಪ್ರತಿ ಬಗೆಯ ಕೋಶಕ್ಕೂ ಬೇರೆ ಬಾಟಲಿಯಲ್ಲಿ ಇರಬೇಕು. ಗಾಳಿ ಸೋಸುವ ಪೆಟ್ಟಿಗೆಯೊಳಗೆ ಒಂದು ಸಲಕ್ಕೆ ಒಂದೇ ಬಗೆಯದನ್ನು ತೆರೆಯಬೇಕು. ಅದು ಮುಗಿದು, ಸ್ಪಿರಿಟ್‌ನಿಂದ ಒರೆಸಿ, ಕಾಲು ಗಂಟೆ ಖಾಲಿ ಬಿಟ್ಟು, ಆಮೇಲೆ ಇನ್ನೊಂದು. ಈ ನಿಯಮವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನು ನಾನು. ನಿಮಗೂ ನಾನೇ ಹೇಳಿಕೊಟ್ಟೆ.

ಅದು ಒಂದು ಶನಿವಾರ. ಅಕ್ಕನ ಸೀಮಂತಕ್ಕೆಂದು ನೀವು ಮೂರು ದಿನ ಊರಿಗೆ ಹೋಗಿದ್ದಿರಿ. "ನಮ್ಮ ಹುಡುಗ್ರನ್ನ ನೋಡ್ಕೊಳ್ರಿ ಅಣ್ಣಾರ" ಎಂದು, ಕೋಶ ಬೆಳೆಯುವ ಫ್ಲಾಸ್ಕುಗಳನ್ನು ತೋರಿಸಿ ಹೋಗಿದ್ದಿರಿ. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತದೆ ಎಂದು ಮೊದಲೇ ತಿಳಿಸಿದ್ದರು. ಒಂದೂವರೆಗೆ ಪ್ರವೀಣ ಬಾಗಿಲಲ್ಲಿ ತಲೆ ಹಾಕಿದ.

"ಅಣ್ಣ, ನಂದೂ ಹಂಗೇ ಮೀಡಿಯಂ ಹಾಕ್ಬಿಡಿ, ಪ್ಲೀಸ್. ನಮ್ಮ ಮಾವ ಕೆಂಗೇರಿ ಸ್ಟೇಷನ್ನಲ್ಲಿ ಕಾಯ್ತಾ ಇದಾರೆ."

"ಟೈಮಿಲ್ಲ ಕಣೋ."

"ನಿಮ್ಮ ಕೈಗೇನಣ್ಣ, ಕುಕ್ಕರ್‌ನಲ್ಲಿ ನಾಕು ಸಲ ಕೂಗಿಸಿದ ಕೈ ಅದು, ಒಂದು ಕ್ರಿಮಿನೂ ಇರಲ್ಲ!" ಎಂದು ಹೇಳಿ ಹೋಗಿಬಿಟ್ಟ.

ಹೊಗಳಿಕೆ ನನಗೆ ಹಿಡಿಸಿತು. ಅವನ ಬಾಟಲಿಯಲ್ಲಿ ಮೀಡಿಯಂ ತಳ ಮುಟ್ಟಿತ್ತು. ಹೊಸದನ್ನು ಕಲಸಿ ಸೋಸಲು ಸಮಯವಿರಲಿಲ್ಲ. ನಿಮ್ಮ ಬಾಟಲಿ ತೆರೆದೆ. ಮೊದಲು ಅವನ ಫ್ಲಾಸ್ಕಿಗೆ ಹಾಕಿದೆ. ದ್ರವ ಹೀರುವ ಪಿಪೆಟ್ಟಿನ ತುದಿ ಅವನ ಫ್ಲಾಸ್ಕಿನ ಒಳಗೋಡೆಗೆ ತಾಗಿತು. ತಾಗಿದ್ದನ್ನು ಕಂಡೆ. ಅದನ್ನು ಬಿಸಾಡಿ ಹೊಸ ಪಿಪೆಟ್ ತೆಗೆದುಕೊಳ್ಳಬೇಕಿತ್ತು, ನಿಮ್ಮ ಬಾಟಲಿಯನ್ನೂ ಚೆಲ್ಲಬೇಕಿತ್ತು. ಪಿಪೆಟ್ ಆಗಲೇ ನಿಮ್ಮ ಬಾಟಲಿಯೊಳಗೆ ಇಳಿದಿತ್ತು. ಗಡಿಯಾರ ನೋಡಿದೆ, ಎರಡಕ್ಕೆ ಎಂಟು ನಿಮಿಷ. ಅದೇ ಬಾಟಲಿಯಿಂದ, ಅದೇ ಪಿಪೆಟ್ಟಿನಿಂದ ನಿಮ್ಮ ನಾಲ್ಕು ಫ್ಲಾಸ್ಕುಗಳಿಗೂ ಹಾಕಿದೆ.

ಒಂದು ಹನಿ ಏನು ಮಾಡೀತು ಎಂದುಕೊಂಡೆ — ಇಲ್ಲ, ನಿಜ ಹೇಳುತ್ತೇನೆ. ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಯಾರೂ ನೋಡಲಿಲ್ಲವಲ್ಲ ಎಂದುಕೊಂಡೆ.

ಮೂಳೆಯ ಕೋಶಗಳು ನಿಧಾನವಾಗಿ ಬೆಳೆಯುವವು. ಅವುಗಳ ನಡುವೆ ಆ ಇನ್ನೊಂದು ಬಗೆಯವು ಹತ್ತಿಪ್ಪತ್ತು ಬಿದ್ದರೂ ಕೆಲವು ವಾರಗಳಲ್ಲಿ ಇಡೀ ಫ್ಲಾಸ್ಕನ್ನು ಅವೇ ತುಂಬಿಕೊಳ್ಳುತ್ತವೆ. ಹೊರಗಿನ ಚೀಟಿಯಲ್ಲಿ ಹೆಸರು ಮಾತ್ರ ಹಳೆಯದೇ ಉಳಿಯುತ್ತದೆ.

ಒಂದೂವರೆ ತಿಂಗಳ ಮೇಲೆ ಒಂದು ದಿನ ನೀವು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಅಣ್ಣಾರ, ಇವು ಯಾಕೋ ಬ್ಯಾರೆ ಕಾಣಾಕತ್ತಾವಲ್ರಿ. ಭಾಳ ಲಗೂ ತುಂಬಾಕತ್ತಾವ" ಎಂದಿರಿ.

ನಾನು ಬಗ್ಗಿ ನೋಡಿದೆ. ನೋಡಿದ ಕೂಡಲೇ ತಿಳಿಯಿತು. "ಹಳೇದಾಗ್ತಾ ಆಗ್ತಾ ಹಂಗೇನೇ ಗಿರಿಜಮ್ಮ. ಗಾಬರಿ ಆಗ್ಬೇಡಿ" ಎಂದೆ.

ಹಳೆಯದಾದಂತೆ ಕೋಶಗಳು ಬದಲಾಗುವುದು ನಿಜವೇ. ಆದ್ದರಿಂದ ನೀವು ನಂಬಿದಿರಿ. ಅರ್ಧ ನಿಜವಿರುವ ಸುಳ್ಳು ಅದು, ನನಗೆ ಸಲೀಸಾಗಿ ಬಂತು.

ಮೂಳೆ ಕಟ್ಟುವ ಕೋಶಗಳನ್ನು ಗುರುತಿಸಲು ಒಂದು ಬಣ್ಣದ ಪರೀಕ್ಷೆಯಿದೆ. ಅವು ನೀಲಿ ಹಿಡಿಯುತ್ತವೆ, ಬೇರೆಯವು ಬಿಳಿಚಿಕೊಂಡೇ ಇರುತ್ತವೆ. ಎರಡು ತಿಂಗಳಿಗೊಮ್ಮೆ ಅದನ್ನು ಮಾಡಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಆ ಸಲ ಎಲ್ಲರೂ ಊಟಕ್ಕೆ ಹೋದಾಗ ಮಾಡಿದೆ. ತಟ್ಟೆಯ ತುಂಬ ಬಿಳಿ. ನಡುನಡುವೆ ನೀಲಿಯ ಸಣ್ಣ ಸಣ್ಣ ದ್ವೀಪಗಳು, ಎಣಿಸಿದೆ, ಹನ್ನೊಂದು. ತಟ್ಟೆಯನ್ನು ತೊಳೆದೆ. ರಿಜಿಸ್ಟರಿನಲ್ಲಿ 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ.

ಆ ಹನ್ನೊಂದು ಇನ್ನೂ ನಿಮ್ಮವಾಗಿದ್ದವು.

ಅಲ್ಲಿಂದ ಮುಂದೆ ನಿಮ್ಮ ಕೋಶಗಳು ಉತ್ತರ ಕೊಡುವುದನ್ನು ನಿಲ್ಲಿಸಿದವು. ಹಾರ್ಮೋನ್ ಕೆಟ್ಟಿದೆಯೆಂದು ನೀವು ಹೊಸದನ್ನು ತರಿಸಿದಿರಿ. ನೀರು ಬದಲಿಸಿದಿರಿ. ಅಳೆಯುವ ಯಂತ್ರವನ್ನು ಬಿಚ್ಚಿಸಿ ಕಟ್ಟಿಸಿದಿರಿ. ಭಾನುವಾರಗಳಲ್ಲೂ ಬಂದಿರಿ. ನಾನು ನಿಮಗೆ ಹೊಸ ಮೀಡಿಯಂ ಮಾಡಿಕೊಟ್ಟೆ, ಗಾಜು ತೊಳೆದುಕೊಟ್ಟೆ, ಚಹಾ ತರಿಸಿದೆ. ಒಂದು ವಾಕ್ಯವನ್ನು ಬಿಟ್ಟು ಉಳಿದೆಲ್ಲವನ್ನೂ ಕೊಟ್ಟೆ. ಹೀಗೆ ಒಂದು ವರ್ಷ ಹೋಯಿತು, ಅದರ ಮೇಲೆ ಇನ್ನೂ ಕೆಲವು ತಿಂಗಳು.

ಆಮೇಲೆ ನಮ್ಮ ಪ್ರೊಫೆಸರ್ ನಿಮ್ಮನ್ನು ಕರೆಸಿದರು. ಒಳ್ಳೆಯ ಮನುಷ್ಯ, ದನಿ ಏರಿಸಿದವರಲ್ಲ. ಮೇಜಿನ ಮೇಲೆ ನಿಮ್ಮ ಮೊದಲ ವರ್ಷದ ನೋಟ್‌ಬುಕ್ ತೆರೆದಿತ್ತು. ಹಾರ್ಮೋನಿಗೆ ಚೆಂದವಾಗಿ ಮೇಲೇರಿದ ಗೆರೆಗಳು. ಪಕ್ಕದಲ್ಲಿ ಈಚಿನ ನೋಟ್‌ಬುಕ್, ಅದರಲ್ಲಿ ನೆಲಕ್ಕೆ ಮಲಗಿದ ಗೆರೆಗಳು. ಗಾಳಿ ಸೋಸುವ ಪೆಟ್ಟಿಗೆಯ ದುರಸ್ತಿಯ ಬಗ್ಗೆ ಕೇಳಲು ಹೋಗಿದ್ದ ನಾನು ಬಾಗಿಲ ಬಳಿಯೇ ನಿಂತೆ.

"ಗಿರಿಜಾ, ನೇರವಾಗಿ ಕೇಳ್ತೀನಿ. ಬೇಜಾರ್ ಮಾಡ್ಕೋಬೇಡ. ಇದನ್ನ ನೋಡಿ ಬರೆದಿದ್ದಾ, ಇಲ್ಲಾ ಹಿಂಗೆ ಬರ್ಬೇಕು ಅಂತ ಬರೆದಿದ್ದಾ?"

"ನೋಡೇ ಬರದೀನ್ರಿ ಸಾರ್."

"ಹಂಗಾದ್ರೆ ಈಗ ಯಾಕೆ ಒಂದ್ಸಲಾನೂ ಬರ್ತಿಲ್ಲ?"

"ಗೊತ್ತಿಲ್ರಿ ಸಾರ್. ಆದ್ರ ನೋಡೇ ಬರದೀನ್ರಿ."

ನೀವು ಎರಡನೆಯ ಸಲ ಅದನ್ನು ಹೇಳಿದಾಗ ನಿಮ್ಮ ಕತ್ತಿನ ನರ ಎದ್ದು ಕಾಣುತ್ತಿತ್ತು. ನಾನು ನಿಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

ದ್ರವ ನೈಟ್ರೋಜನ್ನಿನ ಕ್ಯಾನಿನಲ್ಲಿ ಹಳೆಯ ಕೋಶಗಳ ಒಂದು ಸಣ್ಣ ಸೀಸೆ ಉಳಿದಿದೆಯಲ್ಲ, ಅದನ್ನು ನೋಡೋಣವೆಂದು ನೀವೇ ಹೇಳಿದಿರಿ. ಆ ಶನಿವಾರಕ್ಕಿಂತ ಮುಂಚೆ ನೀವು ಹೆಪ್ಪುಗಟ್ಟಿಸಿ ಇಟ್ಟದ್ದು, ಮುಚ್ಚಳದ ಮೇಲೆ ನಿಮ್ಮದೇ ಅಕ್ಷರ. ಉಳಿದದ್ದು ಅದೊಂದೇ. ಹೊಸದಾಗಿ ತರಿಸಲು ಆ ಪ್ರಾಜೆಕ್ಟಿನಲ್ಲಿ ಹಣ ಉಳಿದಿರಲಿಲ್ಲ. ಆ ಕೋಶಗಳನ್ನು ಎಬ್ಬಿಸಿ ಹಾರ್ಮೋನ್ ಕೊಟ್ಟರೆ ಅವು ಉತ್ತರ ಹೇಳುತ್ತವೆ, ನಿಮ್ಮ ಮೊದಲ ವರ್ಷ ನಿಜವೆಂದು ತಿಳಿಯುತ್ತದೆ. ನಡುವೆ ಏನಾಯಿತೆಂದು ಹುಡುಕುತ್ತಾ ಹೋದರೆ ನನ್ನ ರಿಜಿಸ್ಟರಿಗೂ ಬಂದು ತಲುಪುತ್ತಾರೆ. ಅದೇ ತಿಂಗಳು ನನ್ನ ಕೆಲಸ ಕಾಯಂ ಆಗುವ ಕಾಗದ ಆಫೀಸಿನಲ್ಲಿತ್ತು.

ಪ್ರೊಫೆಸರ್ ನನ್ನ ಕಡೆ ತಿರುಗಿದರು. "ನಂಜುಂಡ, ನೀನೇ ಎಬ್ಬಿಸು. ಅವಳ ಕೈಗೆ ಬೇಡ."

ಆ ಮಾತಿಗೆ ನೀವು ತಲೆ ತಗ್ಗಿಸಿದ್ದನ್ನು ನಾನು ಮರೆಯಲಾರೆ. ಹೊರಗೆ ಬಂದ ಮೇಲೆ ನನ್ನ ಬಳಿ ಬಂದು, "ನೀವು ಮಾಡೂದ ಛಲೋ ಆತು ಬಿಡ್ರಿ ಅಣ್ಣಾರ. ನನಗ ಧೈರ್ಯ ಬಂತು" ಎಂದಿರಿ.

ಬುಧವಾರ ಮಧ್ಯಾಹ್ನ ಸೀಸೆಯನ್ನು ತೆಗೆದೆ. ಅಂಗೈ ಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಹಿಡಿದು ಕರಗಿಸಿದೆ. ಫ್ಲಾಸ್ಕಿಗೆ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದೆ. ಒಂದಿಷ್ಟೂ ತಪ್ಪಿಲ್ಲದಂತೆ ಮಾಡಿದೆ. ಅದೇಕೆ ಅಷ್ಟು ಚೆನ್ನಾಗಿ ಮಾಡಿದೆನೋ ಇಂದಿಗೂ ತಿಳಿಯದು. ಅವು ತಾವಾಗಿಯೇ ಸಾಯಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಕೈ ಮಾತ್ರ ತನಗೆ ಗೊತ್ತಿದ್ದ ಕೆಲಸವನ್ನು ಮಾಡಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದೆ. ಯಾರೂ ಇರಲಿಲ್ಲ. ಫ್ಲಾಸ್ಕನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಸತ್ತ ಕೋಶಗಳು ಗುಂಡಗೆ ತೇಲುತ್ತವೆ. ಇವು ತೇಲುತ್ತಿರಲಿಲ್ಲ. ತಳಕ್ಕೆ ಹಿಡಿದು, ಮೈ ಚಾಚಿ, ಅಂಚು ಹರಡಿಕೊಂಡು ಕೂತಿದ್ದವು. ಎರಡು ವರ್ಷ ಹೆಪ್ಪುಗಟ್ಟಿ ಮಲಗಿದ್ದವು ಎದ್ದಿದ್ದವು. ನಾನು ಹತ್ತು ನಿಮಿಷ ನೋಡಿದೆನೇನೋ. ನಿಮ್ಮನ್ನು ಕರೆಯಬೇಕೆಂದು ಒಮ್ಮೆ ಮೊಬೈಲು ಕೈಗೆತ್ತಿಕೊಂಡೆ, ಅದು ನಿಜ. ಮರಳಿ ಜೇಬಿಗಿಟ್ಟೆ, ಅದೂ ನಿಜ. ಬ್ಲೀಚಿನ ಡಬ್ಬಿ ಸಿಂಕಿನ ಕೆಳಗಿತ್ತು. ಸುರಿದೆ. ಗುಲಾಬಿ ಬಣ್ಣ ಕರಗಿ ನೀರು ತಿಳಿಯಾಯಿತು. ಅಷ್ಟೇ ಹೊತ್ತು ಹಿಡಿದದ್ದು.

ಹತ್ತು ಗಂಟೆಗೆ ನೀವು ಮೆಟ್ಟಿಲು ಹತ್ತಿ ಓಡಿ ಬಂದಿರಿ. ಉಸಿರು ತಿರುಗುವ ಮೊದಲೇ ಕೇಳಿದಿರಿ, "ಎದ್ದಾವೇನ್ರಿ?"

"ಏಳಲಿಲ್ಲ ಗಿರಿಜಮ್ಮ."

ಪ್ರೊಫೆಸರಿಗೂ ಅದನ್ನೇ ಹೇಳಿದೆ. ರಿಜಿಸ್ಟರಿನಲ್ಲಿಯೂ ಅದನ್ನೇ ಬರೆದೆ. ಯಾರೂ ನನ್ನನ್ನು ಮರುಪ್ರಶ್ನೆ ಕೇಳಲಿಲ್ಲ. ನನ್ನ ಕೈಯಲ್ಲೇ ಏಳದವು ಇನ್ನಾರ ಕೈಯಲ್ಲಿ ಏಳುತ್ತವೆ?

ನಿಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ಕೆಲಸ ತೃಪ್ತಿಕರವಾಗಿಲ್ಲ ಎಂದು ಒಂದು ಕಾಗದ ಬಂತು. ಅದಕ್ಕಿಂತ ಹೆಚ್ಚಾಗಿ, ಪ್ರಯೋಗಾಲಯದವರು ನಿಮ್ಮ ಎದುರು ಮಾತು ನಿಲ್ಲಿಸತೊಡಗಿದರು. ನೀವಾಗಿಯೇ ಬಿಟ್ಟುಹೋದಿರಿ. ಹೋಗುವ ದಿನ ಒಂದು ರಟ್ಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದಿರಿ. "ಎಲ್ಲಾರೂ ಒಂದ್ ನಮೂನಿ ನೋಡಾಕತ್ತಾರ್ರಿ. ನೀವೊಬ್ರ ಮೊದಲಿನಂಗ ಇದ್ರಿ" ಎಂದಿರಿ. ಸೀಸೆಗಳ ಮೇಲೆ ಹೆಸರು ಬರೆಯುತ್ತಿದ್ದ ನಿಮ್ಮ ಕಪ್ಪು ಪೆನ್ನನ್ನು ನನಗೆ ಕೊಟ್ಟಿರಿ. ನಾನು ತೆಗೆದುಕೊಂಡೆ. ಬಸ್ ನಿಲ್ದಾಣದ ತನಕ ಪೆಟ್ಟಿಗೆಯನ್ನೂ ಹೊತ್ತುಕೊಂಡು ಬಂದೆ.

ನನ್ನ ಕೆಲಸ ಕಾಯಂ ಆಯಿತು.

ಮೂರು ನಾಲ್ಕು ವರ್ಷಗಳ ಮೇಲೆ ಅಮ್ಮನ ಸಕ್ಕರೆ ಪರೀಕ್ಷೆಗೆಂದು ಬಸವೇಶ್ವರನಗರದ ಒಂದು ರಕ್ತ ಪರೀಕ್ಷೆಯ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ನೀವಿದ್ದಿರಿ. ನಾನು ಹಿಂದಕ್ಕೆ ಹೆಜ್ಜೆ ಇಡುವ ಮೊದಲೇ ಗುರುತು ಹಿಡಿದಿರಿ.

"ಅಯ್ಯ, ಅಣ್ಣಾರ! ಆರಾಮ್ ಅದೀರೇನ್ರಿ?" ಅಮ್ಮನಿಗೆ ಕುರ್ಚಿ ಎಳೆದುಕೊಟ್ಟಿರಿ. "ನಿಮ್ಮ ಮಗನ ಕೈಯಾಗ ಕಲ್ತೀನ್ರಿ ಅಮ್ಮಾ ನಾನು" ಎಂದಿರಿ. ಅಮ್ಮ ಹೆಮ್ಮೆಯಿಂದ ನನ್ನ ಕಡೆ ನೋಡಿದರು.

ಒಳಗೆ ಸೂಕ್ಷ್ಮದರ್ಶಕ ಕಾಣುತ್ತಿತ್ತು. ಏನಾದರೂ ಆಡಬೇಕಲ್ಲ ಎಂದು, "ಅಲ್ಲಿ ಕೂತ್ಕೊಳ್ಳಲ್ವಾ?" ಎಂದೆ.

"ಇಲ್ರಿ. ಹೆಸರು ಬರ್ಕೋತೀನಿ, ಮಷೀನ್ ಕೊಟ್ಟ ನಂಬರ್ ಬರೀತೀನಿ. ಕಣ್ಣಿಲೆ ನೋಡಿ ಹೇಳೂ ಕೆಲ್ಸ ಬ್ಯಾಡ ಅಂತ ಅವ್ರಿಗೆ ಮೊದಲ ಹೇಳೀನ್ರಿ." ಚೀಟಿಯ ಮೇಲೆ ಅಮ್ಮನ ಹೆಸರು ಬರೆದಿರಿ. ಆಮೇಲೆ, ಅಮ್ಮನಿಗೆ ಕೇಳದಷ್ಟು ಮೆಲ್ಲಗೆ, "ಒಂದ್ ಮಾತು ಕೇಳ್ಲೇನ್ರಿ? ಆ ಮೊದಲ ವರ್ಷದ್ದು... ನಾ ಖರೇನ ನೋಡಿದ್ನೇನ್ರಿ? ಒಮ್ಮೊಮ್ಮೆ ನನಗ ಅನಸ್ತೈತ್ರಿ, ಸಾರ್ ಹೇಳಿದಂಗ ನಾನ ಮನಸಿಂದ ಬರದ್ನೇನೋ ಅಂತ."

ಇದೇ ಆ ಅವಕಾಶ. ಪ್ರಶ್ನೆ ಕೇಳಿದವರು ನೀವೇ. ಉತ್ತರ ಒಂದೇ ಶಬ್ದ. ಅಷ್ಟರಲ್ಲಿ ಅಮ್ಮನ ಹೆಸರು ಕೂಗಿದರು. ನಾನು ಅಮ್ಮನ ಕೈ ಹಿಡಿದು ಒಳಗೆ ಹೋದೆ.

ಅಲ್ಲಿಯವರೆಗೆ ನಾನು ನಿಮ್ಮಿಂದ ಒಂದು ಪದವಿಯನ್ನು ಕಸಿದೆನೆಂದು ತಿಳಿದಿದ್ದೆ. ಅಂದು ತಿಳಿಯಿತು — ನಾನು ಕಸಿದದ್ದು ನಿಮ್ಮ ಕಣ್ಣನ್ನು.

ಒಂದು ತಿಂಗಳು ಹೆಣಗಾಡಿ ಮತ್ತೆ ಅಲ್ಲಿಗೆ ಹೋದೆ. ನೀವು ಕೆಲಸ ಬಿಟ್ಟಿದ್ದಿರಿ. ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ನಿಮ್ಮ ಊರಿನ ವಿಳಾಸಕ್ಕೆ ಬರೆದ ಪತ್ರ, ಈ ಹೆಸರಿನವರು ಇಲ್ಲಿ ಇಲ್ಲ ಎಂಬ ಬರಹ ಹೊತ್ತು ಹಿಂದಿರುಗಿತು. ಪ್ರೊಫೆಸರ್ ತೀರಿಕೊಂಡರು. ಅವರಿಗೂ ಹೇಳಲಿಲ್ಲ. ಪ್ರಯೋಗಾಲಯ ಮುಚ್ಚಿತು. ನೈಟ್ರೋಜನ್ ತುಂಬಿಸುವವರಿಲ್ಲದೆ ಕ್ಯಾನ್ ಒಣಗಿತು. ಆ ಶನಿವಾರದ ಮೇಲೆ ಹೆಪ್ಪುಗಟ್ಟಿಸಿದ, ನಿಮ್ಮ ಹೆಸರಿದ್ದ ಸೀಸೆಗಳು ಅದರೊಳಗೇ ಬಿಸಿಯಾದವು. ಅವುಗಳಲ್ಲಿ ಒಂದರಲ್ಲೂ ನಿಮ್ಮ ಕೋಶಗಳಿರಲಿಲ್ಲ.

ಹೀಗೆ, ಇಂದು ನಾನು ನಿಜ ಹೇಳಿದರೂ ಅದನ್ನು ತೋರಿಸಲು ನನ್ನಲ್ಲಿ ಏನೂ ಇಲ್ಲ. ಸಾಕ್ಷಿಯನ್ನು ಸಿಂಕಿನಲ್ಲಿ ಹರಿಯಬಿಟ್ಟವನು ನಾನೇ. ಇನ್ನು ಉಳಿದಿರುವುದು ಒಬ್ಬ ಸುಳ್ಳುಗಾರನ ಮಾತು. ಅದನ್ನು ನೀವು ನಂಬಬೇಕಾಗಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಇದು ನಿಮ್ಮ ಕೈಗೆ ತಲುಪುತ್ತದೆಂಬ ಆಸೆಯೂ ನನಗಿಲ್ಲ. ತಲುಪಿದರೂ ಹೋದ ವರ್ಷಗಳಿಗೆ ಇದರಿಂದ ಏನೂ ಆಗುವುದಿಲ್ಲ.

ಆದರೂ ಕೌಂಟರಿನ ಆಚೆಯಿಂದ ನೀವು ಕೇಳಿದ ಪ್ರಶ್ನೆ ಉತ್ತರವಿಲ್ಲದೆ ನಿಂತಿದೆ. ನಿಮ್ಮ ಆ ಕಪ್ಪು ಪೆನ್ನು ಒಣಗಿಹೋಗಿದೆ, ಬೇರೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ನೋಡಿದಿರಿ ಗಿರಿಜಮ್ಮ. ನೀವು ನೋಡೇ ಬರೆದಿರಿ. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅವು ಎದ್ದಿದ್ದವು.